ಮಲಪ್ರಭೆಯ ದಂಡೆಯ ಆಟದ ಗುರುಗಳು

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರವನ್ನು ದಾಟಿ, ಸಂಗೊಳ್ಳಿಯ ಮಗ್ಗುಲಲ್ಲಿ ಹರಿದು, ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟಿಗೆ ನಿಂತು, ರಾಮದುರ್ಗದ ಸೀಮೆಯನ್ನು ಹಾದು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ನದಿಯ ಸೀಮೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಿಗೆ ಹೋದವರು ಸಾಮಾನ್ಯವಾಗಿ ಕೋಟೆಯನ್ನೋ ಸಮಾಧಿಯನ್ನೋ ಗುಡ್ಡದ ಗುಡಿಯನ್ನೋ ಕಂಡು ಬರುತ್ತಾರೆ. ಕಳೆದ ಕಾರ್ತಿಕ ಮಾಸದಲ್ಲಿ ನಾನು ಕೈಗೊಂಡ ಎರಡು ದಿನಗಳ ಪ್ರವಾಸದ ಉದ್ದೇಶ ಬೇರೆಯಾಗಿತ್ತು. ಈ ಊರುಗಳ ಪ್ರೌಢಶಾಲೆಗಳ ಆಟದ ಬಯಲುಗಳನ್ನು ಮತ್ತೊಮ್ಮೆ ನೋಡಬೇಕು, ಅಲ್ಲಿ ನಮ್ಮನ್ನು ತಿದ್ದಿದ ಆಟದ ಗುರುಗಳನ್ನು ನೆನೆಯಬೇಕು ಎಂಬುದು ಒಂದು. ರಾಮದುರ್ಗ ತಾಲೂಕಿನ ಹಳ್ಳಿಯೊಂದರಲ್ಲಿರುವ ಹಳೆಯ ಗೆಳೆಯನಿಗೆ, ಐವತ್ತು ವರ್ಷ ಹೇಳದೆ ಉಳಿಸಿಕೊಂಡ ಒಂದು ಮಾತನ್ನು ಹೇಳಬೇಕು ಎಂಬುದು ಇನ್ನೊಂದು.

ಮೊದಲು ಇಳಿದದ್ದು ಕಿತ್ತೂರಿನಲ್ಲಿ. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಕೋಟೆಯ ಗೋಡೆಗಳು ಇಂದು ಅರೆಬರೆಯಾಗಿ ನಿಂತಿವೆ. ಆದರೆ ರಾಣಿ ಚೆನ್ನಮ್ಮನ ನಿಜವಾದ ಸ್ಮಾರಕವೆಂದು ನನಗೆ ತೋರುವುದು, 1969ರಲ್ಲಿ ಆಕೆಯ ಹೆಸರಿನಲ್ಲಿ ಅಲ್ಲಿ ಆರಂಭವಾದ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ. ಹುಡುಗಿಯರು ಓಡಿದರೆ ಊರವರು ತಿರುಗಿ ನೋಡುತ್ತಿದ್ದ ದಿನಗಳವು. ಅಂತಹ ಕಾಲದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಕವಾಯತು, ಕ್ರೀಡೆಗಳನ್ನು ಪಾಠದ ಸಮಕ್ಕೆ ಇಟ್ಟ ಶಾಲೆಯೊಂದು ಈ ಮಣ್ಣಿನಲ್ಲಿ ಎದ್ದುದು ಸಣ್ಣ ಮಾತಲ್ಲ. ಬೆಳವಡಿ ಮಲ್ಲಮ್ಮನು ಹೆಂಗಸರ ಪಡೆಯನ್ನು ಕಟ್ಟಿದಳೆಂದು ಹೇಳಿಕೊಳ್ಳುವ ಸೀಮೆಯಲ್ಲಿ ಅದು ಎದ್ದುದು ಉಚಿತವೂ ಆಗಿತ್ತು. ನನ್ನ ಅಣ್ಣನ ಮಗಳು ಅಲ್ಲಿ ಓದಿದವಳು. ಬಾಸ್ಕೆಟ್‌ಬಾಲ್ ಎಂಬ ಆಟದ ಚೆಂಡನ್ನು ನಾನು ಮೊದಲು ಹತ್ತಿರದಿಂದ ಕಂಡದ್ದು, ರಜೆಗೆ ಮನೆಗೆ ಬಂದ ಅವಳ ಕೈಯಲ್ಲಿ.

ಆ ಆಟದ ಹುಟ್ಟೇ ಒಬ್ಬ ಶಿಕ್ಷಕನ ಕಥೆಯಾಗಿದೆ. 1891ರ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು, ಚಳಿಗಾಲದಲ್ಲಿ ಒಳಗೆ ಕುಳಿತು ಬೇಸತ್ತ ಹುಡುಗರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರಕ್ಕೆ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು ಆಡಿಸಿದರು. ಇಂದು ಒಂದು ಪಕ್ಷಕ್ಕೆ ಐವರು ಆಡುತ್ತಾರೆ. ಮೊದಲ ದಿನ ಒಂದೊಂದು ಪಕ್ಷಕ್ಕೆ ಒಂಬತ್ತು ಮಂದಿ ಇದ್ದರು. ಇಡೀ ತರಗತಿಗೆ ಪಾಲು ಸಿಗಬೇಕೆಂಬುದೇ ಅದರ ಲೆಕ್ಕ. ಅದೇ ವೈ.ಎಂ.ಸಿ.ಎ. ಬಳಗದ ಹ್ಯಾರಿ ಕ್ರೋ ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ವಿದ್ಯಾಲಯವನ್ನು ತೆರೆದರು. ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಪ್ರಾಂತದ ಶಿಕ್ಷಕರಿಗಾಗಿ 1938ರಲ್ಲಿ ಕಾಂದಿವಲಿಯಲ್ಲಿ ತರಬೇತಿ ಸಂಸ್ಥೆ ಆರಂಭವಾಯಿತು. ಇಂತಹ ಸಂಸ್ಥೆಗಳಲ್ಲಿ ಕಲಿತ ಮಾಸ್ತರರು ಊರೂರಿಗೆ ಬಂದಾಗ ಹಳೆಯ ಗರಡಿಮನೆಯ ಬಲದೊಡನೆ ಹೊಸ ಆಟಗಳ ನಿಯಮಗಳೂ ನಮ್ಮ ಶಾಲೆಗಳನ್ನು ಹೊಕ್ಕವು.

ಆದರೂ ನಮ್ಮ ಹಳ್ಳಿಗಾಡಿನ ಶಾಲೆಗಳಿಗೆ ಬಾಸ್ಕೆಟ್‌ಬಾಲ್ ಸುಲಭದಲ್ಲಿ ಬರಲಿಲ್ಲ. ಕಾರಣ ಕಾಲಿನ ಕೆಳಗೇ ಇದೆ. ಕಿತ್ತೂರಿನಿಂದ ಬೈಲಹೊಂಗಲದ ಕಡೆಗೆ ಹೊರಳಿದ ಹಾಗೆಲ್ಲ ಎರಿ ಭೂಮಿ ಹರಡಿಕೊಳ್ಳುತ್ತದೆ. ಹತ್ತಿ, ಜೋಳಗಳಿಗೆ ತಾಯಿಯಂತಹ ಮಣ್ಣು. ಆಟಕ್ಕೆ ಮಾತ್ರ ಮಲತಾಯಿ. ಮಳೆಗಾಲದಲ್ಲಿ ಕಾಲನ್ನು ಹಿಡಿದು ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಚೆಂಡು ಪುಟಿಯುವುದೆಂತು? ಕಾಂಕ್ರೀಟಿನ ಅಂಗಳಕ್ಕೆ ಶಾಲೆಗಳಲ್ಲಿ ಹಣವಿರಲಿಲ್ಲ. ಆದುದರಿಂದ ನಮ್ಮ ಗುರುಗಳು ಬಂಡಿಗಳಲ್ಲಿ ಗರಸು ತರಿಸಿ ಹರವಿ, ನೀರು ಹೊಡೆದು, ರೂಲು ಎಳೆಸಿ, ಎರಡು ಕಂಬಗಳನ್ನು ನೆಟ್ಟು, ಸುಣ್ಣದ ಗೆರೆ ಹಾಕಿ, ಒಂದು ಪೈಸೆಯ ಸಲಕರಣೆಯೂ ಬೇಡದ ಖೋ-ಖೋ ಆಟವನ್ನು ಕಲಿಸಿದರು. ಅದರಲ್ಲಿಯೂ ಒಂದು ಪಕ್ಷಕ್ಕೆ ಒಂಬತ್ತು ಮಂದಿ. ಎಂಟು ಮಂದಿ ಸಾಲಿನಲ್ಲಿ ಒಬ್ಬರು ಅತ್ತ, ಒಬ್ಬರು ಇತ್ತ ಮುಖಮಾಡಿ ಕುಳಿತುಕೊಳ್ಳುತ್ತಾರೆ. ಒಂಬತ್ತನೆಯವನು ಅಟ್ಟಿಸಿಕೊಂಡು ಓಡುತ್ತಾನೆ. ತಾನು ದಣಿದಾಗ, ಇಲ್ಲವೆ ಕುಳಿತವನಿಗೆ ಎದುರಾಳಿ ಹತ್ತಿರವಾದಾಗ, ಅವನ ಬೆನ್ನನ್ನು ಕೈಯಿಂದ ಮುಟ್ಟಿ ‘ಖೋ’ ಎನ್ನಬೇಕು. ಮುಟ್ಟದೆ ಕೂಗಿದರೆ ಅದು ತಪ್ಪು. ಈ ಕೊನೆಯ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕೆಂದು ಬಿನ್ನವಿಸುತ್ತೇನೆ.

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಕೈಮುಗಿದೆ. ಸೆರೆಯಲ್ಲಿಯೇ 1829ರಲ್ಲಿ ಆಕೆ ದೇಹವಿಟ್ಟ ಊರಿದು. ಅಲ್ಲಿಂದ ಹಳೆಯ ಶಾಲೆಯ ಬಯಲಿಗೆ ನಡೆದುಹೋದೆ. ನಾನು ಓದುತ್ತಿದ್ದ ದಿನಗಳಲ್ಲಿ ನಮ್ಮ ಆಟದ ಗುರುಗಳು ಬೆಳಗಿನ ಐದೂವರೆಗೆ ಅಲ್ಲಿ ನಿಂತಿರುತ್ತಿದ್ದರು. ಬಿಳಿಯ ಪ್ಯಾಂಟು, ಬಿಳಿಯ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. ಅವರಿಗೆ ಊರೆಲ್ಲ ‘ಡ್ರಿಲ್ ಮಾಸ್ತರ’ ಎನ್ನುತ್ತಿತ್ತು. ಆ ಹೆಸರಿನಲ್ಲಿ ಗೌರವಕ್ಕಿಂತ ತುಸು ತಾತ್ಸಾರವೇ ಇತ್ತೆಂದು ಇಂದು ಅನಿಸುತ್ತದೆ. ಗಣಿತದ ಮಾಸ್ತರರು ರಜೆ ಹಾಕಿದರೆ ಆ ತರಗತಿಗೆ ಇವರೇ ಹೋಗಬೇಕು. ಪರೀಕ್ಷೆ ಬಂದರೆ ಆಟದ ಅವಧಿ ಮಾಯವಾಗಬೇಕು. ಅವರು ಗೊಣಗಲಿಲ್ಲ. ಬರಿಗಾಲಿನ ಹುಡುಗರ ಹೆಬ್ಬೆರಳ ಗಾಯಗಳಿಗೆ ಅರಿಶಿಣ ಹಚ್ಚಿ ತಾವೇ ಕಟ್ಟುತ್ತಿದ್ದರು. ಮಳೆ ಬಂದ ದಿನ ವರಾಂಡದಲ್ಲಿ ಕೂಡಿಸಿಕೊಂಡು, ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬುವರು 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಟದಲ್ಲಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದ ಕಥೆಯನ್ನು ಹೇಳುತ್ತಿದ್ದರು. “ಹತ್ತೊಂಬತ್ತನೇ ನಂಬರಾ ಸರ?” ಎಂದು ನಾವು ನಕ್ಕರೆ, “ಮೊದಲ ನೀ ಅಷ್ಟು ದೂರ ಓಡಿ ತೋರಸು ತಮ್ಮಾ, ಆಮ್ಯಾಲ ನಗು” ಎನ್ನುತ್ತಿದ್ದರು.

1974ರಲ್ಲಿ ಸವದತ್ತಿಯಲ್ಲಿ ನಡೆದ ಪಂದ್ಯಕ್ಕೆ ನಮ್ಮ ತಂಡವನ್ನು ಕರೆದೊಯ್ದರು. ಈ ಸಲ ನಾನು ಅದೇ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ಹೋಗುವಾಗ ಮುರಗೋಡ, ಇಂಚಲ ಎಂಬ ಹೆಸರುಗಳು ಹಳೆಯ ನೆನಪುಗಳನ್ನು ಕೆದಕಿದವು. ಮುರಗೋಡವು ಮಹಾಂತ ಶಿವಯೋಗಿಗಳಿಂದ ಪಾವನವಾದುದು. ಇಂಚಲವಂತೂ ಮನೆಮನೆಯಲ್ಲಿ ಶಿಕ್ಷಕರಿರುವ ಊರೆಂದು ನಾಡಿಗೆಲ್ಲ ಹೆಸರಾದುದು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಧಾರೆಯೆರೆದದ್ದೂ, 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ್ದೂ ಈ ಸೀಮೆಯ ಗಾಳಿಯಲ್ಲಿ ಬೆರೆತ ಸಂಗತಿಗಳು. ವಿದ್ಯೆಯ ದಾನಿಗಳನ್ನು ನಾವು ಮರೆತಿಲ್ಲ. ಆಟ ಕಲಿಸಿದವರನ್ನು ಮರೆತಿದ್ದೇವೆ.

ಸವದತ್ತಿಯ ಆ ಬಯಲಿನಿಂದ ಎಲ್ಲಮ್ಮನ ಗುಡ್ಡದ ದಾರಿ ಕಾಣುತ್ತದೆ. ಅಂದು ಕೊನೆಯ ಪಾಳಿಯಲ್ಲಿ ಅಟ್ಟಿಸಿಕೊಂಡು ಓಡುತ್ತಿದ್ದವನು ನಾನು. ಎದುರಾಳಿ ಹುಡುಗ ಸಾಲಿನ ಆಚೆ ನುಸುಳಿದ. ಅಲ್ಲಿ ಕುಳಿತಿದ್ದವನು ನಮ್ಮ ತಂಡದಲ್ಲಿಯೇ ಚುರುಕಿನವನು, ಕೈ ಚಾಚಿದರೆ ಎದುರಾಳಿ ಸಿಗುತ್ತಿದ್ದ. ನಾನು ಅವನ ಹಿಂದೆ ನಿಂತು ‘ಖೋ’ ಎಂದು ಕೂಗಿದೆ. ಆದರೆ ಬೆನ್ನನ್ನು ಮುಟ್ಟಲಿಲ್ಲ. ಪಂಚರ ಸೀಟಿ ಊದಿತು. ನಿಯಮದಂತೆ ನಾನು ಹಿಮ್ಮುಖವಾಗಿ ಓಡಬೇಕಾಯಿತು, ಎದುರಾಳಿ ತಪ್ಪಿಸಿಕೊಂಡ, ಪಾಳಿ ಮುಗಿಯಿತು. ನಾವು ಒಂದು ಅಂಕದಿಂದ ಸೋತೆವು.

ಅವಸರದಲ್ಲಿ ಕೈ ತಪ್ಪಿತೆಂದು ಎಲ್ಲರೂ ತಿಳಿದರು. ನಿಜ ಅದಲ್ಲ. ಆ ಹುಡುಗ ಊರ ಹೊರಗಿನ ಕೇರಿಯವನು. ‘ಆಟ ಆಡು, ಆದರ ಅವನ್ನ ಮುಟ್ಟಬ್ಯಾಡ’ ಎಂದು ನನ್ನ ಮನೆಯ ಹಿರಿಯರು ಹೊರಡುವ ಮುಂಜಾನೆ ಎಚ್ಚರಿಸಿದ್ದರು. ದಿನವೂ ಇಷ್ಟಲಿಂಗ ಪೂಜೆ ನಡೆಯುವ ಮನೆ, ಬಸವಣ್ಣನವರ ಹೆಸರಿಲ್ಲದೆ ಹೊತ್ತು ಮುಳುಗದ ಮನೆ. ಅಭ್ಯಾಸದ ವೇಳೆಯಲ್ಲಿ ನಾನು ಅವನ ಅಂಗಿಯ ತುದಿಗೆ ಬೆರಳು ತಾಗಿಸಿ ಜಾರಿಕೊಳ್ಳುತ್ತಿದ್ದೆ. ಪಂದ್ಯದಲ್ಲಿ ಆ ಬೆರಳೂ ತಾಗಲಿಲ್ಲ. ಇದನ್ನು ಕಂಡವರು ಇಬ್ಬರೇ: ಆ ಹುಡುಗ ಮತ್ತು ನಮ್ಮ ಗುರುಗಳು.

ಗುರುಗಳು ನನ್ನನ್ನು ಬಯ್ಯಲಿಲ್ಲ. ಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ಒಂದು ಧೋತರವನ್ನು ಹಾಸಿ, ಎಲ್ಲರ ಬುತ್ತಿಗಳನ್ನೂ ಬಿಚ್ಚಿಸಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯೆ ಎಲ್ಲವೂ ಒಂದೇ ರಾಶಿಯಾದವು. ಯಾವುದು ಯಾರ ಮನೆಯದೆಂದು ಗುರುತು ಉಳಿಯಲಿಲ್ಲ. ತಾವು ಆ ಹುಡುಗನ ಮಗ್ಗುಲಲ್ಲಿ ಕುಳಿತು ಮೊದಲ ತುತ್ತು ಮುರಿದರು. ನಾನು ಹೊಟ್ಟೆನೋವೆಂದು ಸುಳ್ಳು ಹೇಳಿ ದೂರ ಕುಳಿತೆ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಅವರು ಹೇಳಿದ್ದು ಇಷ್ಟೇ: “ತಮ್ಮಾ, ಬೆನ್ನು ಮುಟ್ಟಲಾರದ ಖೋ, ಖೋ ಅಲ್ಲ.” ಹದಿನೈದರ ವಯಸ್ಸಿನ ನನಗೆ ಅದು ಆಟದ ಮಾತಾಗಿಯೇ ಕೇಳಿಸಿತು. ಅದರ ಆಳ ತಿಳಿಯುವ ಹೊತ್ತಿಗೆ ನಾನು ನೌಕರಿಯ ಮೇಲೆ ದೂರ ಹೋಗಿದ್ದೆ, ಗುರುಗಳು ಲಿಂಗೈಕ್ಯರಾಗಿದ್ದರು.

ಮರುದಿನ ರಾಮದುರ್ಗಕ್ಕೆ ಹೋದೆ. 1948ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೆ ಭಾವೆ ಮನೆತನದ ಸಂಸ್ಥಾನವಾಗಿದ್ದ ಊರು. ಸುತ್ತಿನ ನೇಕಾರರ ಮನೆಗಳಿಂದ ಇಂದಿಗೂ ಮಗ್ಗದ ಸದ್ದು ಬರುತ್ತದೆ. ಅಲ್ಲಿಂದ ಸುರೇಬಾನದ ಕಡೆಯ ಹಳ್ಳಿಯೊಂದರಲ್ಲಿ ನನ್ನ ಆ ಹಳೆಯ ಜೊತೆಗಾರ ನೆಲೆಸಿದ್ದಾನೆ. ಅವನೂ ಗುರುಗಳಂತೆ ದೈಹಿಕ ಶಿಕ್ಷಕನೇ ಆಗಿ, ಮೂವತ್ತು ವರ್ಷಗಳಿಗೂ ಮಿಕ್ಕಿ ದುಡಿದು ನಿವೃತ್ತನಾದನು. “ಬರ್ರಿ, ಕೂಡ್ರಿ” ಎಂದು ಪರಕೀಯನಿಗೆ ಹೇಳುವ ಹಾಗೆ ಬರಮಾಡಿಕೊಂಡನು. ಚಹಾ ಬಂದಿತು. ಕುಡಿದೆ. ಹೇಳಬೇಕಾದ ಮಾತನ್ನು ತಡವರಿಸುತ್ತ ಹೇಳಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಅವತ್ತ ನನಗ ಗೊತ್ತಾಗಿತ್ತು. ಕುಂತವಗ ಬೆನ್ನಿನ ಮ್ಯಾಲೆ ಕೈ ಬಿದ್ದಿದ್ದು ಬೀಳದ್ದು ಗೊತ್ತಾಗೂದಿಲ್ಲೇನು?” ಎಂದನು. “ಸಿಟ್ಟು ಬಂದಿತ್ತು. ಆಟ ಬಿಡತೀನಿ ಸರ ಅಂತ ಹೇಳಿದ್ದೆ. ಅದಕ್ಕ ಸರ, ತಪ್ಪು ಅವಂದಲ್ಲ, ನಂದು. ಕೈ ಹ್ಯಾಂಗ ಇಡಬೇಕು ಅಂತ ನಾ ಸರಿಯಾಗಿ ಕಲಸಿಲ್ಲ ಅಂದ್ರು. ಆ ಮಾತಿಗೆ ನಾ ಮಾಸ್ತರಕಿ ಹಿಡದೆ.”

ತನ್ನ ಶಾಲೆಯಲ್ಲಿ ಅವನು ಮಾಡಿದ ಪದ್ಧತಿಯನ್ನೂ ಹೇಳಿದನು. ದಿನದ ಆಟಕ್ಕೆ ಮುನ್ನ ಮಕ್ಕಳು ಸಾಲಾಗಿ ನಿಂತು, ಮುಂದಿನವರ ಬೆನ್ನಿನ ಮೇಲೆ ಅಂಗೈ ಪೂರ್ತಿ ಇಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲಬೇಕು. ಯಾರ ಹಿಂದೆ ಯಾರೆಂಬುದನ್ನು ಅವನೇ ದಿನವೂ ಬದಲಿಸುತ್ತಿದ್ದನು. ಮೊದಮೊದಲು ಕೆಲವು ಪಾಲಕರು ದೂರು ತಂದರು. ಅವನು ನಿಯಮ ಪುಸ್ತಕವನ್ನು ತೆರೆದು ತೋರಿಸಿದನು. ಬೆನ್ನು ಮುಟ್ಟಬೇಕೆಂಬುದು ಆಟದ ಕಾನೂನು, ತಾನು ಮಾಡಿದ್ದಲ್ಲ ಎಂದನು. ಬರಬರುತ್ತ ದೂರುಗಳು ನಿಂತವು.

ಅವನು ಕಲಿಸಿದ ಮಕ್ಕಳಲ್ಲಿ ರಾಷ್ಟ್ರದ ತಂಡಕ್ಕೆ ಹೋದವರು ಯಾರೂ ಇಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದಾಗ, ಆ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಆಡಿದುದನ್ನು ಅವನು ಊರ ಮಕ್ಕಳನ್ನೆಲ್ಲ ಕೂಡಿಸಿ ಟಿ.ವಿ.ಯಲ್ಲಿ ತೋರಿಸಿದನಂತೆ. “ಹಳ್ಳಿ ಹುಡುಗೀನ ನೋಡ್ರಿ” ಎಂದು ಹೇಳುವಾಗ ಅವನ ಮುಖದಲ್ಲಿ ನಮ್ಮ ಗುರುಗಳ ಮುಖವೇ ಕಂಡಿತು.

ನಾನು ಹೊರಟಾಗ ಅವನು ಬಸ್ಸಿನ ನಿಲ್ದಾಣದವರೆಗೂ ಬಂದನು. ಅಷ್ಟರಲ್ಲಿ ‘ರೀ’ ಹೋಗಿ ‘ನೀ’ ಬಂದಿತ್ತು. “ಮುಂದಿನ ಸಲ ಬರೂ ಮುಂದ ಮನ್ಯಾಗ ಹೇಳಿ ಬಾ, ಎರಡ ದಿನ ಇರು” ಎಂದನು. ಬಸ್ಸು ಬಂದಿತು. ಅವನ ಬೆನ್ನಿನ ಮೇಲೆ ಕೈಯಿಟ್ಟೆ. ಇಬ್ಬರೂ ಏನನ್ನೂ ಆಡಲಿಲ್ಲ.

ಓದುಗ ಬಂಧುಗಳೆ, ನಮ್ಮ ಮಕ್ಕಳ ಶಾಲೆಗೆ ಹೋದಾಗ ಗಣಿತ, ವಿಜ್ಞಾನಗಳ ಅಂಕಗಳನ್ನು ನಾವು ತಪ್ಪದೆ ವಿಚಾರಿಸುತ್ತೇವೆ. ಆಟ ಕಲಿಸುವವರು ಯಾರು, ಅವರ ಅವಧಿ ಮಕ್ಕಳಿಗೆ ಸಿಗುತ್ತಿದೆಯೆ ಎಂಬುದನ್ನೂ ಒಮ್ಮೆ ವಿಚಾರಿಸೋಣ. ಕಾಯಕ, ದಾಸೋಹ, ಸಮಾನತೆಗಳನ್ನು ನಾವು ಮಠದ ಅಂಗಳದಲ್ಲಿ ಕೇಳಿ ಬರುತ್ತೇವೆ. ಗರಸು ಹಾಸಿದ ಬಯಲಿನಲ್ಲಿ, ಸೀಟಿಯೊಂದನ್ನು ಕೊರಳಿಗೆ ಕಟ್ಟಿಕೊಂಡವರು ಅವುಗಳನ್ನು ಮಕ್ಕಳ ಕೈಯಿಂದಲೇ ಮಾಡಿಸಿದ್ದಾರೆ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನಮ್ಮ ನಿಮ್ಮ ಮನೆಗಳಲ್ಲಿಯಾದರೂ ಅದು ಉಳಿಯಲಿ.