ಬೇಸಿಗೆಗೊಂದು ಹಾಡಿನ ಬುತ್ತಿ

ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಗುರುಗಳ ಸ್ಮರಣೆ, ಕಟ್ಟಡದ ಇತಿಹಾಸ, ದಾನಿಗಳ ಔದಾರ್ಯ ಇವುಗಳನ್ನು ಕುರಿತು ಬರೆಯಲು ನನಗಿಂತ ಹಿರಿಯರೂ ಬಲ್ಲವರೂ ಇದ್ದಾರೆ. ನಾನು ಆಯ್ದುಕೊಂಡ ವಿಷಯ ಚಿಕ್ಕದು. ಬೇಸಿಗೆಯ ಸೂಟಿಗೆ ಊರಿಗೆ ಬರುವ ಮಕ್ಕಳ ಕಿವಿಗೆ ಯಾವ ಹಾಡುಗಳನ್ನು ಬೀಳಿಸಬೇಕು ಎಂಬುದೇ ಆ ವಿಷಯ. ಕನ್ನಡ ಶಾಲೆಯ ಐವತ್ತು ವರ್ಷಗಳಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಬಹಳವಿದೆ ಎಂಬುದು ನನ್ನ ನಂಬಿಕೆ.

ಶೇಗಾಂವ ಎಂದೊಡನೆ ಹೊರಗಿನವರು ಬುಲಢಾಣಾ ಜಿಲ್ಲೆಯ ಗಜಾನನ ಮಹಾರಾಜರ ಶೇಗಾಂವವನ್ನು ನೆನೆಯುತ್ತಾರೆ. ನಮ್ಮದು ಜತ್ತ ತಾಲ್ಲೂಕಿನ ಶೇಗಾಂವ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಮಹಾರಾಷ್ಟ್ರದಲ್ಲಿದ್ದೂ ಮನೆಯಲ್ಲಿ ಕನ್ನಡ ಆಡುವುದು ಹೇಗೆ ಎಂಬ ಪ್ರಶ್ನೆಗೂ ಅದರ ಬೆನ್ನಲ್ಲಿಯೇ ಉತ್ತರ ಕೊಡಬೇಕು. ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ನೆರೆಯ ವಿಜಾಪುರ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಜತ್ತ ಮಾತ್ರ ಇತ್ತಲೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಗಡಿಯ ಗೆರೆ ಎಲ್ಲಿಯೇ ಬಿದ್ದಿರಲಿ, ಒಲೆಯ ಮುಂದಿನ ಮಾತು ಬದಲಾಗಲಿಲ್ಲ. ನಮ್ಮ ತಲೆಮಾರಿಗೆ ಕನ್ನಡದ ಅಕ್ಷರವನ್ನು ಕೊಟ್ಟದ್ದು ಶಾಲೆ. ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕದ ಪದ್ಯಗಳನ್ನು ಗುರುಗಳು ಓದಿಸುತ್ತಿರಲಿಲ್ಲ, ಹಾಡಿಸುತ್ತಿದ್ದರು. ಆದುದರಿಂದಲೇ ಅವು ಇಂದಿಗೂ ಬಾಯಲ್ಲಿವೆ.

ಈಗಿನ ಮಾತು ಬೇರೆ. ನನ್ನ ಮಗ ದುಡಿಮೆಗಾಗಿ ಪುಣೆ ಸೇರಿದ್ದಾನೆ. ಒಂಬತ್ತು ವರ್ಷದ ಮೊಮ್ಮಗಳು ಅಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ, ಅಂಗಳದಲ್ಲಿ ಮರಾಠಿ ಆಡುತ್ತಾಳೆ, ನನ್ನನ್ನು "ಅಜ್ಜಾ" ಎಂದು ಕನ್ನಡದಲ್ಲಿ ಕರೆಯುತ್ತಾಳೆ. ಆದರೆ ಕನ್ನಡದ ಒಂದಕ್ಷರವೂ ಅವಳಿಗೆ ಬಾರದು. ಈ ಸಂಚಿಕೆಯನ್ನು ಅವಳ ಕೈಗೆ ಕೊಟ್ಟರೆ ಚಿತ್ರಗಳನ್ನಷ್ಟೇ ನೋಡಿಯಾಳು. ಇಂಥ ಮಕ್ಕಳು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇದ್ದಾರೆ. ಕಣ್ಣಿನ ಬಾಗಿಲು ಮುಚ್ಚಿದ್ದರೂ ಅವರ ಕಿವಿಯ ಬಾಗಿಲು ಇನ್ನೂ ತೆರೆದಿದೆ. ಏಪ್ರಿಲ್, ಮೇ ತಿಂಗಳ ಸೂಟಿಯಲ್ಲಿ ಅವರು ಊರಿನಲ್ಲಿರುವಷ್ಟು ದಿನ ಆ ಬಾಗಿಲಿನಿಂದ ಏನನ್ನು ಕಳಿಸಬೇಕೆಂದು ಯೋಚಿಸಿ ಒಂದು ಪಟ್ಟಿ ಮಾಡಿದ್ದೇನೆ. ಮೊದಲಾದರೆ ಇದನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಬೇಕಾಗಿತ್ತು. ಈಗ ಮೊಬೈಲಿನಲ್ಲಿಯೇ ಹಿಡಿಯುತ್ತದೆ. ಬುತ್ತಿಯಲ್ಲಿ ಹತ್ತು ಹಾಡುಗಳಿವೆ.

ಬೇಸಿಗೆಯ ಬಾಗಿಲಲ್ಲಿ ನಿಂತಿರುವ ಹಬ್ಬ ಯುಗಾದಿ. ಆದ್ದರಿಂದ ಮೊದಲನೆಯದು ಬೇಂದ್ರೆಯವರ 'ಯುಗಾದಿ'. 1963ರ 'ಕುಲವಧು' ಚಿತ್ರಕ್ಕಾಗಿ ಎಸ್. ಜಾನಕಿಯವರು ಅದನ್ನು ಹಾಡಿದರು, ಜಿ. ಕೆ. ವೆಂಕಟೇಶರ ಸಂಗೀತ. ಬೇವು ಹೂಬಿಟ್ಟು ನೆಲವೆಲ್ಲ ಬೆಳ್ಳಗಾಗುವ ಕಾಲಕ್ಕೆ ಈ ಹಾಡನ್ನು ಕೇಳಬೇಕು. ವರುಷಕ್ಕೊಮ್ಮೆ ಹೊಸತಾಗುವ ಗಿಡವನ್ನು ಕಂಡು, ಒಂದೇ ಒಂದು ಬಾಲ್ಯ ಪಡೆದ ಮನುಷ್ಯ ಪಡುವ ಸಣ್ಣ ಅಸೂಯೆ ಅದರಲ್ಲಿದೆ. ಮಕ್ಕಳಿಗೆ ರಾಗ ಸಾಕು. ಆ ಅಸೂಯೆ ಅವರಿಗೆ ಮುಂದೆ ತಾನೇ ತಿಳಿಯುತ್ತದೆ.

ಎರಡನೆಯದೂ ಬೇಂದ್ರೆಯವರದೇ, 'ಬೆಳಗು'. 1967ರಲ್ಲಿ ಪುಟ್ಟಣ್ಣ ಕಣಗಾಲರು 'ಬೆಳ್ಳಿಮೋಡ'ದಲ್ಲಿ ಅದನ್ನು ಬಳಸಿಕೊಂಡರು. ವಿಜಯಭಾಸ್ಕರರ ಸಂಗೀತ, ಮತ್ತೆ ಜಾನಕಿಯವರ ಕಂಠ. ಮಾಳಿಗೆಯ ಮೇಲೆ ಮಲಗಿದ ಮಕ್ಕಳನ್ನು ಎಬ್ಬಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಇದನ್ನು ಕೇಳುತ್ತ, "ಅಜ್ಜಾ, ಎರಕ ಅಂದ್ರ ಏನು?" ಎಂದಳು. ಕಂಚುಗಾರನು ಕರಗಿದ ಲೋಹವನ್ನು ಅಚ್ಚಿನಲ್ಲಿ ಹೊಯ್ಯುವುದನ್ನು ವಿವರಿಸಿ ಹೇಳಿದೆ. ಮರುದಿನ ಬೆಳಿಗ್ಗೆ ಮೂಡಲ ದಿಕ್ಕಿನ ಕೆಂಪನ್ನು ತೋರಿಸಿ, "ಎರಕಾ ಹೊಯ್ಯಾಕತ್ತಾರ ನೋಡಜ್ಜಾ" ಎಂದಳು. ಒಂದು ಶಬ್ದ ಒಂದು ಮಗುವಿನದಾಯಿತು. ಬೇಂದ್ರೆಯವರು ನಮಗೆ ದೂರದವರೇನೂ ಅಲ್ಲ. 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದವರು.

ಮೂರನೆಯದನ್ನು ಹೇಳಿದರೆ ಪುಣೆ, ಮುಂಬಯಿಗಳಲ್ಲಿ ಬೆಳೆದ ಮಕ್ಕಳು ನಂಬುವುದಿಲ್ಲ. ನಮ್ಮ ಜಿಲ್ಲೆಯ ಸಾಂಗಲಿಯಲ್ಲಿ ಬಾಲ್ಯ ಕಳೆದ ಲತಾ ಮಂಗೇಶಕರರು ಕನ್ನಡದಲ್ಲಿಯೂ ಹಾಡಿದ್ದಾರೆ. 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ ಲಕ್ಷ್ಮಣ ಬರ್ಲೇಕರರ ಸಂಗೀತದಲ್ಲಿ ಹಾಡಿದ ಎರಡು ಗೀತೆಗಳಲ್ಲಿ ಒಂದು ಬೆಳಗಿನ ಹಾಡು. ಶಾಲೆಯಲ್ಲಿ ಲತಾ ದೀದಿಯ ಹೆಸರು ಕೇಳಿದ ಮಗುವಿಗೆ ಆ ಧ್ವನಿ ತನ್ನ ಮನೆಯ ಮಾತನ್ನು ಆಡಿದ್ದು ಕೇಳಿಸಿದರೆ ಸಾಕು, ಕನ್ನಡ ಅಜ್ಜಿಯರ ಭಾಷೆ ಮಾತ್ರ ಎಂಬ ಸಂಕೋಚ ಅರ್ಧ ಕಳೆಯುತ್ತದೆ.

ನಾಲ್ಕನೆಯದು ಯಂತ್ರದಲ್ಲಿ ಸಿಗುವುದು ಕಷ್ಟ. ಅದು ಬೀಸುಕಲ್ಲಿನ ಹಾಡು. ಗಿರಣಿ ಬರುವ ಮುಂಚೆ ಕೋಳಿ ಕೂಗುವ ಹೊತ್ತಿಗೆ ಎದ್ದು ಜೋಳ ಬೀಸುತ್ತಿದ್ದ ನಮ್ಮ ಅವ್ವಂದಿರು ತ್ರಿಪದಿಯ ಮೇಲೆ ತ್ರಿಪದಿ ಹಾಡುತ್ತಿದ್ದರು. ತವರು, ಅಣ್ಣ, ತೊಟ್ಟಿಲು, ಕಣ್ಣೀರು ಎಲ್ಲವೂ ಮೂರು ಸಾಲಿನಲ್ಲಿ ಅಡಗುತ್ತಿದ್ದವು. ಕಲ್ಲು ತಿರುಗುವ ಲಯವೇ ಆ ಹಾಡಿನ ಲಯವಾಗಿತ್ತು. ಗಿರಣಿ ಬಂದು ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ದೊರೆತದ್ದು ಒಳ್ಳೆಯದೇ ಆಯಿತು. ಆದರೆ ಕೆಲಸದೊಡನೆ ಹಾಡೂ ಹೊರಟುಹೋಯಿತು. ನಮ್ಮ ಮೂಡಣ ಗಡಿಯಾಚೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ತಾಯಂದಿರ ಬಾಯಿಂದ ಬರೆದುಕೊಂಡು, 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದರು. ಆ ಕೆಲಸ ನಡೆಯದಿದ್ದರೆ ನಷ್ಟ ಎಷ್ಟಾಗುತ್ತಿತ್ತೋ ಊಹಿಸಲಾಗದು. ನನ್ನ ಅವ್ವನ ಹಾಡುಗಳಲ್ಲಿ ಈಗ ನಾಲ್ಕೈದು ಮಾತ್ರ ನನ್ನ ಅಕ್ಕನ ನಾಲಗೆಯ ಮೇಲೆ ಉಳಿದಿವೆ. ಮೊಮ್ಮಗಳು ಅವುಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋಗಿದ್ದಾಳೆ. ಓದುಗರಲ್ಲಿ ನನ್ನ ವಿನಂತಿಯೂ ಇದೇ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಂದಿರಿದ್ದರೆ ಈ ಬೇಸಿಗೆಯಲ್ಲಿಯೇ ಅವರ ಮುಂದೆ ಕುಳಿತುಕೊಳ್ಳಿರಿ.

ಬಿಸಿಲೇರಿದ ಮೇಲೆ ನಮ್ಮ ಸೀಮೆಯಲ್ಲಿ ಹೊರಗೆ ಕಾಲಿಡುವಂತಿಲ್ಲ. ಬಾವಿಯ ತಳ ಕಾಣುವ ದಿನಗಳು, ಟ್ಯಾಂಕರಿನ ದಾರಿ ಕಾಯುವ ದಿನಗಳು ಅವು. ಆ ನಡುಹಗಲಿನ ಮೌನಕ್ಕೆ ನಿಧಾನದ ಹಾಡೇ ಬೇಕು. ಐದನೆಯದಾಗಿ ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಕ್ಕಮಹಾದೇವಿಯ ವಚನ, ಅಕ್ಕ ತಾನು ಕಂಡ ಕನಸನ್ನು ಗೆಳತಿಗೆ ಹೇಳುವ ವಚನ. 1910ರಲ್ಲಿ ಧಾರವಾಡದ ಹತ್ತಿರ ಹುಟ್ಟಿದ ಮನ್ಸೂರರಿಗೆ ಸಂಗೀತದ ಮೊದಲ ಗಟ್ಟಿ ಪಾಠವಾದದ್ದು ನಮ್ಮ ಮಿರಜಿನಲ್ಲಿ, ನೀಲಕಂಠಬುವಾ ಅವರ ಬಳಿ. ಮಿರಜಿನ ತಂಬೂರಿಯಂತೂ ದೇಶಕ್ಕೆಲ್ಲ ಹೆಸರಾದದ್ದು. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಬಸವಣ್ಣನವರು ಇದ್ದ ಮಂಗಳವೇಢೆ, ಸಿದ್ಧರಾಮರ ಸೊನ್ನಲಿಗೆ, ದಾನಮ್ಮದೇವಿಯ ಗುಡ್ಡಾಪುರ ಇವು ನಮ್ಮ ಸುತ್ತಲಿನ ಊರುಗಳು. ವಚನ ನಮಗೆ ಹೊರಗಿನಿಂದ ಬಂದ ಸಾಹಿತ್ಯವಲ್ಲ ಎಂಬುದನ್ನು ಮಕ್ಕಳಿಗೆ ಈ ಹಾಡಿನೊಡನೆ ಹೇಳಬೇಕು.

ಆರನೆಯದು ಒಂದು ಜೋಡಿ. ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಕೀರ್ತನೆಯನ್ನು ಭೀಮಸೇನ ಜೋಶಿಯವರ ಧ್ವನಿಯಲ್ಲಿ ಮೊದಲು ಕೇಳಿರಿ. ಅದರ ಬೆನ್ನಿಗೆ, ಹೃದಯನಾಥ ಮಂಗೇಶಕರರ ಸಂಗೀತದಲ್ಲಿ ಆಶಾ ಭೋಸಲೆಯವರು ಹಾಡಿದ ಜ್ಞಾನೇಶ್ವರರ ಅಭಂಗವನ್ನು ಕೇಳಿರಿ. ಆ ಮರಾಠಿ ಅಭಂಗವು ಪಂಢರಪುರದ ವಿಠ್ಠಲನನ್ನು 'ಕಾನಡಾ' ಎಂದೂ 'ಕರ್ನಾಟಕು' ಎಂದೂ ಕರೆಯುತ್ತದೆ. ಕಾನಡಾ ಎಂದರೆ ಕನ್ನಡಿಗ ಎಂದು ಕೆಲವರು, ತಿಳಿಯಲು ಗಹನನಾದವನು ಎಂದು ಕೆಲವರು ಅರ್ಥ ಮಾಡುತ್ತಾರೆ. ಎರಡೂ ನಮಗೆ ಒಪ್ಪಿಗೆಯೇ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನರು ದಾಸವಾಣಿಯನ್ನೂ ಸಂತವಾಣಿಯನ್ನೂ ಒಂದೇ ಭಕ್ತಿಯಿಂದ ಹಾಡಿ, ಎರಡು ನಾಡಿನವರಿಂದಲೂ ನಮ್ಮವರೆನಿಸಿಕೊಂಡರು. ಮಕ್ಕಳಿಗೆ ಕನ್ನಡ ಕಲಿಸುವುದೆಂದರೆ ಮರಾಠಿಯನ್ನು ಬಿಡಿಸುವುದಲ್ಲ. ಅನ್ನ ಕೊಟ್ಟ ನಾಡಿನ ಮಾತೂ ಹೆತ್ತವ್ವನ ಮಾತೂ ಒಂದೇ ಬಾಯಲ್ಲಿ ಇರಬಲ್ಲವು ಎಂಬುದಕ್ಕೆ ಈ ಜೋಡಿ ಸಾಕ್ಷಿ.

ಏಳನೆಯದು ಸಂಜೆಯ ಹಾಡು. ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ತೆರೆಗೆ ಬಂದ 'ಸಂಧ್ಯಾರಾಗ'ದಲ್ಲಿ ನಾದದೇವತೆಯನ್ನು ನಂಬಿ ಹಾಡುವ ಗೀತೆಯೊಂದಿದೆ. ಭೀಮಸೇನ ಜೋಶಿ, ಬಾಲಮುರಳಿಕೃಷ್ಣ, ಎಸ್. ಜಾನಕಿ ಮೂವರೂ ಅದಕ್ಕೆ ಕಂಠ ಕೊಟ್ಟಿದ್ದಾರೆ. ಹಿಂದುಸ್ತಾನಿ, ಕರ್ನಾಟಕ ಎಂಬ ಎರಡು ಪದ್ಧತಿಗಳ ರುಚಿಯನ್ನು ಮಕ್ಕಳಿಗೆ ಪಾಠವಿಲ್ಲದೆ ತೋರಿಸಲು ಇದು ಒಳ್ಳೆಯ ದಾರಿ.

ಎಂಟನೆಯದನ್ನು ಮನೆಯಲ್ಲಿ ಕುಳಿತು ಕೇಳುವುದಕ್ಕಿಂತ ಜಾತ್ರೆಗೆ ಕರೆದೊಯ್ದು ಕೇಳಿಸುವುದು ಲೇಸು. ಅದು ಹರದೇಶಿ-ನಾಗೇಶಿಯ ವಾದದ ಪದ. ಹರದೇಶಿಯವರು ಶಿವನನ್ನು ಮೇಲೆಂದರೆ ನಾಗೇಶಿಯವರು ಶಕ್ತಿಯೇ ಮೇಲೆಂದು ಸವಾಲು ಎಸೆಯುತ್ತಾರೆ. ಸವಾಲಿಗೆ ಹಾಡಿನಲ್ಲಿಯೇ ಜವಾಬು ಬರಬೇಕು. ಮರಾಠಿಯ ಶಾಹಿರರಲ್ಲಿ ಇದೇ ವಾದ ತುರಾ-ಕಲಗಿ ಎಂಬ ಹೆಸರಿನಿಂದ ನಡೆಯುತ್ತದೆ. ಪುರಾಣ, ತರ್ಕ, ಚೇಷ್ಟೆ, ಮಾತಿನ ಚುರುಕು ಎಲ್ಲವೂ ಇದರಲ್ಲಿ ಸೇರಿವೆ. ಅಕ್ಷರ ಬಾರದವರೂ ಇಲ್ಲಿ ಪಂಡಿತರಾಗಿ ನಿಂತದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ.

ಒಂಬತ್ತನೆಯದು ರಾತ್ರಿಯ ಪದ. ಊಟ ಮುಗಿದು ಮಾಳಿಗೆಯ ಮೇಲೆ ಹಾಸಿಗೆ ಹರವಿದ ಮೇಲೆ ಶಿಶುನಾಳ ಶರೀಫರು ಬರಬೇಕು. ಕೋಳಿಯು ಕೋಡಗವನ್ನು ನುಂಗುವ ಆ ಒಗಟಿನ ಪದವನ್ನು ಕೇಳಿ ನಗದ ಮಗುವಿಲ್ಲ. 1819ರಿಂದ 1889ರವರೆಗೆ ಬಾಳಿದ ಶರೀಫರು ಗೋವಿಂದ ಭಟ್ಟರನ್ನು ಗುರುವೆಂದು ಒಪ್ಪಿದವರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು, ಭಜನೆ ಮಾಡುವವರು ಎಲ್ಲ ಜಾತಿಯವರು. 1990ರಲ್ಲಿ ಟಿ. ಎಸ್. ನಾಗಾಭರಣರು ಅವರ ಜೀವನವನ್ನು ಚಿತ್ರವಾಗಿಸಿದಾಗ ಸಿ. ಅಶ್ವತ್ಥರ ಸಂಗೀತದಿಂದ ಈ ಪದಗಳು ಮನೆಮನೆಗೂ ಮುಟ್ಟಿದವು. ಮಕ್ಕಳು ಮೊದಲು ನಗಲಿ. ಕೋಳಿ ಯಾವುದು, ಕೋಡಗ ಯಾವುದು ಎಂಬ ಪ್ರಶ್ನೆ ಹತ್ತು ವರ್ಷಗಳ ನಂತರ ಅವರೊಳಗೆ ಎದ್ದರೂ ತಡವೇನಲ್ಲ.

ಹತ್ತನೆಯದು ಬೇಸಿಗೆಯನ್ನು ಮುಗಿಸುವ ಹಾಡು, ಗುರ್ಜಿಯ ಹಾಡು. ರೋಹಿಣಿ ಮಳೆ ಹುಸಿಯಾಗಿ ಮಿರುಗವೂ ಮೋಡ ತೋರದಿದ್ದರೆ, ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು, ಗರಿಕೆ ಸಿಕ್ಕಿಸಿ, ಒಬ್ಬ ಹುಡುಗನ ತಲೆಯ ಮೇಲೆ ಹೊರಿಸಿ ನಾವು ಮನೆಮನೆಗೆ ಹೋಗುತ್ತಿದ್ದೆವು. ಮಳೆರಾಯನನ್ನು ಕೂಗಿ ಕರೆಯುತ್ತಿದ್ದೆವು. ಮನೆಯೊಡತಿ ಕೊಡದಿಂದ ಗುರ್ಜಿಯ ಮೇಲೆ ನೀರು ಸುರಿದು ಜೋಳದ ಹಿಟ್ಟು ನೀಡುತ್ತಿದ್ದಳು. ಮರಾಠಿ ಓಣಿಗಳ ಮಕ್ಕಳು ಇದೇ ಕೆಲಸವನ್ನು 'ಧೋಂಡಿ' ಎಂದು ಮಾಡುತ್ತಿದ್ದರು. ಕುಡಿಯಲು ನೀರಿಲ್ಲದ ಹೊತ್ತಿನಲ್ಲಿ ಒಂದು ತಂಬಿಗೆ ನೀರನ್ನು ಮಕ್ಕಳ ತಲೆಯ ಮೇಲೆ ಸುರಿದ ಆ ತಾಯಂದಿರ ನಂಬಿಕೆ ದೊಡ್ಡದು. ನೀರಿನ ಬೆಲೆಯನ್ನು ನಲ್ಲಿ ತಿರುಗಿಸಿ ಬೆಳೆದ ಮಕ್ಕಳಿಗೆ ಉಪದೇಶದಿಂದ ತಿಳಿಸಲಾಗದು. ಈ ಹಾಡಿನಿಂದ ಸ್ವಲ್ಪವಾದರೂ ತಿಳಿಸಬಹುದು.

ಹತ್ತೂ ಹಾಡುಗಳನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಡೊಳ್ಳಿನ ಪದವನ್ನೇಕೆ ಬಿಟ್ಟಿರಿ, ರಾಜಕುಮಾರರ ಹಾಡೇಕೆ ಇಲ್ಲ ಎಂದು ಜಗಳ ತೆಗೆಯುವವರಿದ್ದರೆ ನನಗೆ ಸಂತೋಷವೇ. ಪ್ರತಿ ಮನೆಯೂ ತನ್ನ ಪಟ್ಟಿಯನ್ನು ತಾನೇ ಮಾಡಿಕೊಳ್ಳಲಿ. ಒಂದು ನಿಯಮವನ್ನು ಮಾತ್ರ ಪಾಲಿಸಿರಿ: ಯಂತ್ರವನ್ನು ಹಚ್ಚಿಟ್ಟು ನೀವು ಬೇರೆ ಕೆಲಸಕ್ಕೆ ಏಳಬೇಡಿರಿ. ಮಗುವಿನ ಪಕ್ಕದಲ್ಲಿ ಕುಳಿತು ಕೇಳಿರಿ, ಬಂದಷ್ಟು ಹಾಡಿರಿ, ಕೇಳಿದ ಶಬ್ದಕ್ಕೆ ಅರ್ಥ ಹೇಳಿರಿ. ಒಂದು ಹಾಡು ಬಾಯಿಗೆ ಬಂದ ಮೇಲೆ ಅದರ ಮೊದಲ ಅಕ್ಷರವನ್ನು ಪಾಟಿಯ ಮೇಲೆ ಬರೆದು ತೋರಿಸಿರಿ. ಬಾಯಲ್ಲಿರುವ ಶಬ್ದವನ್ನು ಬರೆಯಲು ಕಲಿಯುವುದು ಮಗುವಿಗೆ ಕಷ್ಟವಲ್ಲ. ನನ್ನ ಮೊಮ್ಮಗಳು ಈಗ ತನ್ನ ಹೆಸರನ್ನೂ 'ಬೆಳಗು' ಎಂಬ ಮೂರು ಅಕ್ಷರಗಳನ್ನೂ ಬರೆಯುತ್ತಾಳೆ. ಮುಂದಿನ ಸೂಟಿಯಲ್ಲಿ ಇನ್ನಷ್ಟು ಬರೆದಾಳೆಂಬ ಭರವಸೆ ನನಗಿದೆ.

ಗಡಿನಾಡಿನ ಕನ್ನಡ ಶಾಲೆಗೆ ಐವತ್ತು ವರ್ಷ ತುಂಬುವುದು ಸಣ್ಣ ಮಾತಲ್ಲ. ಆದರೆ ಶಾಲೆ ಉಳಿಯಬೇಕಾದರೆ ಅದರ ಬಾಗಿಲಿಗೆ ಬರುವ ಮಗುವಿನ ಕಿವಿಯಲ್ಲಿ ಕನ್ನಡ ಮೊದಲೇ ಇರಬೇಕು. ಆ ಕೆಲಸ ಗುರುಗಳದಲ್ಲ, ನಮ್ಮದು. ನಮಗೆ ಅಕ್ಷರ ಕೊಟ್ಟ ಗುರುವೃಂದಕ್ಕೆ ವಂದಿಸಿ, ಶಾಲೆಯ ಶತಮಾನೋತ್ಸವದ ಸಂಚಿಕೆಯನ್ನು ಈಗಿನ ಮಕ್ಕಳೇ ಕನ್ನಡದಲ್ಲಿ ಬರೆಯುವಂತಾಗಲಿ ಎಂದು ಹಾರೈಸುತ್ತೇನೆ.