ಸೂಪಾದಲ್ಲಿ ಹುಟ್ಟಿದ್ದು ಅಂತಲೇ ಬರೀರಿ

ದಾಂಡೇಲಿ, ಜೋಯಿಡಾ ಅಂದ ಕೂಡಲೇ ಈಗ ಎಲ್ಲರಿಗೂ ನೆನಪಾಗೋದು ರಾಫ್ಟಿಂಗ್, ಹೋಮ್‌ಸ್ಟೇ, ಸಫಾರಿ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟರೆ ಸೋಮವಾರ ಬೆಳಿಗ್ಗೆ ಮತ್ತೆ ಆಫೀಸು. ಕಳೆದ ವರ್ಷ ನಾನು ಇದೇ ಕಾಡುದಾರಿಗಳಲ್ಲಿ ಮೂರು ತಿಂಗಳು ಓಡಾಡಿದೆ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಒಂದು ಪ್ಲಾಸ್ಟಿಕ್ ಫೈಲು ಇತ್ತು. ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪ್ರಜೆಯಾಗಿರುವ ಅಣ್ಣ, ಅಪ್ಪ ಮತ್ತು ಆಯಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದ. ಟೂರಿಸ್ಟ್ ವೀಸಾ ಅಲ್ಲ, ಅಲ್ಲೇ ಉಳಿಯುವ ಇಮಿಗ್ರಂಟ್ ವೀಸಾ.

ಇದರಲ್ಲಿ ಅಪ್ಪನಿಗೊಂದು, ಆಯಿಗೊಂದು ಬೇರೆ ಬೇರೆ ಅರ್ಜಿ. ಅದು ಮಂಜೂರಾದ ಮೇಲೆ ಜನನ ಪ್ರಮಾಣ ಪತ್ರ, ಮದುವೆ ಪ್ರಮಾಣ ಪತ್ರ, ಪೊಲೀಸ್ ಕ್ಲಿಯರೆನ್ಸ್ ಎಲ್ಲವನ್ನೂ ಸ್ಕ್ಯಾನ್ ಮಾಡಿ ನ್ಯಾಷನಲ್ ವೀಸಾ ಸೆಂಟರಿನ ವೆಬ್‌ಸೈಟಿಗೆ ಏರಿಸಬೇಕು. ಆಮೇಲೆ ಮೂಲ ಪ್ರತಿ ಹಿಡಿದುಕೊಂಡು ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನ. ಓದಲು ನಾಲ್ಕು ಸಾಲು. ಆದರೆ ನಮ್ಮ ಮನೆಯ ಕಾಗದಗಳು ನಾಲ್ಕು ತಾಲೂಕಿನಲ್ಲಿ ಚದುರಿದ್ದವು.

ಆಯಿಗೆ ಹೋಗುವ ಮನಸ್ಸು ಅಷ್ಟಾಗಿ ಇರಲಿಲ್ಲ. "ಹೋಗೋದು ಬಿಡೋದು ಆಮೇಲೆ. ಕಾಗದ ಮಾತ್ರ ಮಾಡಿಸಿಡು" ಅಂದಿದ್ದಳು.

ದಾಂಡೇಲಿ: ಕಾಗದದ ಊರು

ಅಪ್ಪ ದುಡಿದದ್ದು ಪೇಪರ್ ಮಿಲ್ಲಿನಲ್ಲಿ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ, ಕಾಗದ ಹೊರಬರಲು ಶುರುವಾದದ್ದು 1959ರಲ್ಲಿ. ಕಾಳಿ ನದಿ ದಂಡೆಯ ಈ ಊರು ಬೆಳೆದದ್ದೇ ಬಿದಿರು, ಮರ, ಕಾರ್ಖಾನೆ ನೆಚ್ಚಿಕೊಂಡು. ಎಲ್ಲೆಲ್ಲಿಂದಲೋ ಬಂದವರು ಇಲ್ಲಿ ನೆಲೆಯಾದರು. "ನಿಮ್ಮಪ್ಪ ಜೀವನಪೂರ್ತಿ ಕಾಗದ ಮಾಡಿದ್ರು, ಅವರು ಹುಟ್ಟಿದ್ದಕ್ಕೇ ಒಂದು ಕಾಗದ ಇಲ್ಲ" ಅಂತ ಆಯಿ ನಗುತ್ತಿದ್ದಳು.

ಅಣ್ಣನ ಜನನ ಪತ್ರ ಸುಲಭವಾಗಿ ಸಿಕ್ಕಿತು. ಅದರಲ್ಲಿ ಊರು ದಾಂಡೇಲಿ, ತಾಲೂಕು ಹಳಿಯಾಳ ಅಂತಿದೆ. ಇಂದಿನ ಕಾಗದಗಳಲ್ಲಿ ತಾಲೂಕೂ ದಾಂಡೇಲಿಯೇ, ಏಕೆಂದರೆ ದಾಂಡೇಲಿ ಬೇರೆ ತಾಲೂಕಾದದ್ದು ಈಚೆಗೆ. ಇಂಥ ವ್ಯತ್ಯಾಸಕ್ಕೆ ಗಾಬರಿ ಬೇಡ, ಆಗ ಯಾವ ತಾಲೂಕಿತ್ತೋ ಅದೇ ಸರಿ. 1956ರಿಂದ 1973ರವರೆಗಿನ ಕಾಗದದಲ್ಲಿ ರಾಜ್ಯ ಮೈಸೂರು ಅಂತಿರುತ್ತದೆ, ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿದ್ದರೆ ನಾರ್ತ್ ಕೆನರಾ. ಅವನ್ನು ತಿದ್ದಿಸಲು ಹೋಗಬೇಡಿ.

ಪೊಲೀಸ್ ಸರ್ಟಿಫಿಕೇಟಿನ ವಿಷಯದಲ್ಲಿ ಒಂದು ಮಾತು. ಭಾರತೀಯ ಪಾಸ್‌ಪೋರ್ಟ್ ಇರುವವರು ಅಮೆರಿಕದ ವೀಸಾಕ್ಕೆ ಕೊಡಬೇಕಾದದ್ದು ಪಾಸ್‌ಪೋರ್ಟ್ ಕಚೇರಿಯ ಪಿಸಿಸಿ. ಊರ ಠಾಣೆಯಿಂದ ನೇರವಾಗಿ ಬರೆಸಿಕೊಂಡು ಬಂದ ಪತ್ರ ನಡೆಯುವುದಿಲ್ಲ. ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, 500 ರೂಪಾಯಿ ಕಟ್ಟಿ, ಅಪಾಯಿಂಟ್‌ಮೆಂಟ್ ತಗೊಳ್ಳಬೇಕು. ನಾವು ಹೋದದ್ದು ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ. 16 ವರ್ಷ ತುಂಬಿದ ಪ್ರತಿ ಅರ್ಜಿದಾರರಿಗೂ ಇದು ಬೇಕು. ಗಲ್ಫ್‌ನಲ್ಲೋ ಬೇರೆಲ್ಲೋ 12 ತಿಂಗಳು ಅಥವಾ ಹೆಚ್ಚು ಇದ್ದು ಬಂದವರು ಆ ದೇಶದ ಪೊಲೀಸ್ ಪತ್ರವನ್ನೂ ತರಿಸಬೇಕು. ಕರೆಸಿಕೊಳ್ಳುವ ಮಗನಿಗೋ ಮಗಳಿಗೋ ಈ ಪತ್ರ ಬೇಕಿಲ್ಲ.

ಪರಿಶೀಲನೆಗೆ ಮನೆಗೆ ಬಂದ ಪೊಲೀಸಪ್ಪ ಪಕ್ಕದ ಮನೆಯವರನ್ನು ಕೇಳಿದ: "ಇವರು ಎಷ್ಟು ವರ್ಷದಿಂದ ಅದಾರ್ರೀ ಇಲ್ಲಿ?"

"ಸಾಹೇಬ್ರ, ನಾ ಹುಟ್ಟೂಕಿಂತ ಮೊದ್ಲಿಂದ ಅದಾರ. ನಮ್ಮ ಮನೀ ಬಾಣಂತನಕ್ಕೆ ಬಿಸಿನೀರು ಕಾಸಿದವರು ಇವರು."

ಪೊಲೀಸಪ್ಪ ನಕ್ಕು ಸಹಿ ಹಾಕಿಸಿಕೊಂಡ. ಅವನಿಗೆ ಬೇಕಿದ್ದ ಮಾಹಿತಿ ಅಷ್ಟೇ. ಅಪ್ಪ ಮಾತ್ರ ಆ ಸಂಜೆಯೆಲ್ಲ ಮೌನವಾಗಿದ್ದರು. ಇಂಥ ಸಾಕ್ಷಿ ಹೇಳುವವರು ಅಲ್ಲಿ ಯಾರಿರುತ್ತಾರೆ ಅನ್ನೋ ಯೋಚನೆ ಇರಬೇಕು.

ಹಳಿಯಾಳ: ಜೂನ್ 1ರಂದು ಹುಟ್ಟಿದವರು

ಅಪ್ಪನ ಊರು ಹಳಿಯಾಳದ ಹತ್ತಿರದ ಒಂದು ಹಳ್ಳಿ. ಎಸ್‌ಎಸ್‌ಎಲ್‌ಸಿ ಪ್ರಕಾರ ಹುಟ್ಟಿದ್ದು 1953ರ ಜೂನ್ 1. ನಿಮ್ಮ ಮನೆಯ ಹಿರಿಯರಲ್ಲೂ ಜೂನ್ 1ರವರು ಒಬ್ಬರಾದರೂ ಇರುತ್ತಾರೆ. ಶಾಲೆ ಶುರುವಾಗೋ ಹೊತ್ತಿಗೆ ವಯಸ್ಸು ಕೂಡಿಬರಲಿ ಅಂತ ಮಾಸ್ತರರು ಬರೆದುಕೊಂಡ ತಾರೀಖು ಅದು.

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮುಂಚೆ ಊರ ಪಟ್ಟಿಯಲ್ಲಿ ಬರೆಸುವ ಪದ್ಧತಿ ಇತ್ತಾದರೂ ಎಲ್ಲರೂ ಬರೆಸುತ್ತಿರಲಿಲ್ಲ. ಸಿದ್ದಿಗಳು, ಗೌಳಿಗಳು, ಕುಣಬಿಗಳು ಇರುವ ಕಾಡಿನ ವಾಡೆಗಳಲ್ಲಿ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಅಪ್ಪನದೂ ಮನೆಯ ಹೆರಿಗೆ, ಯಾರೂ ಬರೆಸಿರಲಿಲ್ಲ. ತಾಲೂಕು ಕಚೇರಿಯ ಗುಮಾಸ್ತರು ಹಳೇ ರಿಜಿಸ್ಟರ್ ತೆಗೆದು ಹುಡುಕಿದರು. "ಇಲ್ರೀ. ಆಗ ದನ ಕರಾ ಹಾಕಿದ್ದು ನೆನಪಿಟ್ಕೋತಿದ್ರು, ಮಕ್ಕಳದ್ದು ಯಾರ್ ಬರಸ್ತಿದ್ರು?" ಅಂದರು.

ದಾಖಲೆ ಇಲ್ಲ ಅಂದರೆ ಕೆಲಸ ಕೆಟ್ಟಿತು ಅಂತಲ್ಲ. "ನೋಂದಣಿ ಆಗಿರುವುದು ಕಂಡುಬಂದಿಲ್ಲ" ಅಂತ ನಮೂನೆ 10ರಲ್ಲಿ ಒಂದು ಪತ್ರ ಕೊಡುತ್ತಾರೆ. ಅದರ ಜೊತೆ ಶಾಲೆಯ ದಾಖಲೆ ಮತ್ತು ಹುಟ್ಟಿದ್ದು ಗೊತ್ತಿರುವ ಹಿರಿಯರ ಅಫಿಡವಿಟ್ ಇಟ್ಟರೆ ಅದನ್ನು ಪರ್ಯಾಯ ಪುರಾವೆಯಾಗಿ ನೋಡುತ್ತಾರೆ. ತಡವಾಗಿ ನೋಂದಣಿ ಮಾಡಿಸುವ ದಾರಿಯೂ ಇದೆ. ಒಂದು ವರ್ಷ ಮೀರಿದ ಜನನಕ್ಕೆ ಮೊದಲು ಕೋರ್ಟಿಗೆ ಹೋಗಬೇಕಿತ್ತು, 2023ರ ತಿದ್ದುಪಡಿಯ ನಂತರ ಆ ಅಧಿಕಾರ ಕಂದಾಯ ಇಲಾಖೆಯ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ನಾವು ನಮೂನೆ 10ರ ದಾರಿ ಹಿಡಿದೆವು.

ಮದುವೆಯದೂ ಅದೇ ಕತೆ. 1978ರಲ್ಲಿ ಮದುವೆಯಾದ ಜೋಡಿ, ನೋಂದಣಿ ಇಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಹಳೆಯ ಮದುವೆಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಕಪ್ಪು ಬಿಳುಪಿನ ಒಂದು ಫೋಟೋ, ಲಗ್ನಪತ್ರಿಕೆ, ಮೂವರು ಸಾಕ್ಷಿಗಳು. ಮೊಮ್ಮಕ್ಕಳಾದ ಮೇಲೆ ಅಪ್ಪ ಆಯಿ ಅಕ್ಕಪಕ್ಕ ಕೂತು ಬೆರಳಚ್ಚು ಕೊಟ್ಟರು. ಆಯಿ ಅವತ್ತು ಇಳಕಲ್ ಸೀರೆ ಉಟ್ಟಿದ್ದಳು.

ಜೋಯಿಡಾ: ನೀರಿನಡಿಯ ಊರು

ನನಗೆ ಭಯ ಇದ್ದದ್ದು ಆಯಿಯ ಕಾಗದದ್ದೇ. ಅವಳು ಹುಟ್ಟಿದ್ದು 1958ರಲ್ಲಿ, ಸೂಪಾದಲ್ಲಿ. ಕಾಳಿ ಮತ್ತು ಪಾಂಡರಿ ನದಿ ಕೂಡುವಲ್ಲಿದ್ದ ಊರು, ತಾಲೂಕು ಕೇಂದ್ರ. ಗಣೇಶಗುಡಿಯಲ್ಲಿ ಕಾಳಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂತು. 1980ರ ದಶಕದಲ್ಲಿ ನೀರು ತುಂಬಿ ಸೂಪಾ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ಜನರಲ್ಲಿ ಬಹಳಷ್ಟು ಮಂದಿ ರಾಮನಗರದಲ್ಲಿ ಹೊಸ ಮನೆ ಕಟ್ಟಿಕೊಂಡರು. ನಮ್ಮ ಅಜ್ಜನ ಮನೆಯವರೂ ಅವರಲ್ಲೇ ಸೇರಿದವರು.

ಈ ರಸ್ತೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನ ನಡುವೆ ಹೋಗುತ್ತದೆ. ಫೋನಿನಲ್ಲಿ ಕಡ್ಡಿ ಬರುತ್ತದೆ, ಹೋಗುತ್ತದೆ. ಓಟಿಪಿ ಬೇಕಾಗುವ ಕೆಲಸವನ್ನೆಲ್ಲ ದಾಂಡೇಲಿಯಲ್ಲೇ ಮುಗಿಸಿಕೊಂಡು, ಬೇಕಾದ ಕಾಗದಗಳ ಪ್ರಿಂಟ್ ತೆಗೆದುಕೊಂಡು ಹೋಗೋದು ಒಳ್ಳೇದು.

ಊರು ಮುಳುಗಿದರೂ ರಿಜಿಸ್ಟರುಗಳು ಕಚೇರಿಯ ಜೊತೆ ಮೇಲೆ ಬಂದಿದ್ದವು. ಎರಡನೇ ಸಲ ಹೋದಾಗ ಸಿಬ್ಬಂದಿ ಒಬ್ಬರು ಬಟ್ಟೆ ಸುತ್ತಿದ ಪುಸ್ತಕ ಬಿಚ್ಚಿ ಸಾಲಿನ ಮೇಲೆ ಬೆರಳಿಟ್ಟರು. ಆಗಸ್ಟ್ ತಿಂಗಳು. ತಂದೆಯ ಹೆಸರು, ಅಜ್ಜನದೇ. ಊರು ಸೂಪಾ. ಹೆಣ್ಣು, ಮೂರನೇ ಮಗು. ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ.

ಆಯಿ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದಳು. "ಇದು ನಾನೇನಾ?" ಅಂತ ಕೇಳಿದಳು. ಸಿಬ್ಬಂದಿ, "ನೀವೇ ಅಲ್ವಾ ಅಮ್ಮಾ, ಮತ್ಯಾರು?" ಅಂದರು.

ಹೆಸರಿಲ್ಲದ ಜನನ ಪತ್ರ ನಮ್ಮ ಕಡೆ ಹೊಸತಲ್ಲ. ನಾಮಕರಣಕ್ಕೆ ಮೊದಲೇ ಬರೆಸುತ್ತಿದ್ದರಲ್ಲ. ನಿಯಮದ ಪ್ರಕಾರ ಹೆಸರು ಸೇರಿಸಲು ನೋಂದಣಿಯಾದ 15 ವರ್ಷದೊಳಗೆ ಅವಕಾಶ. ಆಯಿಗೆ ಆ ಕಾಲ ದಾಟಿ ಎಷ್ಟೋ ಆಗಿತ್ತು. ಅವಳ ಟ್ರಂಕಿನಲ್ಲಿ ಸೂಪಾ ಶಾಲೆ ಬಿಟ್ಟಾಗಿನ ಸರ್ಟಿಫಿಕೇಟು ಇತ್ತು, ಮರಾಠಿಯಲ್ಲಿ. ಆದರೆ ಅದರಲ್ಲಿರುವುದು ತವರಿನ ಹೆಸರು. ನಮ್ಮಲ್ಲಿ ಮದುವೆಯ ದಿನ ಹುಡುಗಿಗೆ ಹೊಸ ಹೆಸರಿಡುತ್ತಾರೆ. ಪಾಸ್‌ಪೋರ್ಟು, ಆಧಾರ್, ಅಣ್ಣನ ಜನನ ಪತ್ರ ಎಲ್ಲದರಲ್ಲೂ ಆ ಹೊಸ ಹೆಸರೇ.

ಅಂದರೆ ಮೂರು ಕಾಗದದಲ್ಲಿ ಮೂವರು ಹೆಂಗಸರು: ಹೆಸರಿಲ್ಲದ ಮಗು, ಶಾಲೆಯ ಹುಡುಗಿ, ಅಪ್ಪನ ಹೆಂಡತಿ. ಈ ಮೂವರೂ ಒಬ್ಬಳೇ ಅಂತ ಹೇಳಬಲ್ಲವರು ಇನ್ನು ಒಬ್ಬರೇ ಉಳಿದಿದ್ದರು. ಮುಂಡಗೋಡದ ಮಾವಶಿ.

ಮುಂಡಗೋಡ: ಸಾಕ್ಷಿ ಹೇಳುವವರು

ಮಾವಶಿ ಆಯಿಯ ಹಿರಿಯಕ್ಕ, ಎಂಟು ವರ್ಷ ದೊಡ್ಡವಳು. ಮದುವೆಯಾಗಿ ಹೋದಾಗಿನಿಂದ ಮುಂಡಗೋಡದಲ್ಲೇ. ಅಫಿಡವಿಟ್ ಕೊಡುವವರು ಹತ್ತಿರದ ಸಂಬಂಧಿಯಾಗಿದ್ದು, ಅರ್ಜಿದಾರರಿಗಿಂತ ಹಿರಿಯರಾಗಿದ್ದು, ಹುಟ್ಟಿದ ಸಂಗತಿ ಸ್ವತಃ ತಿಳಿದವರಾಗಿದ್ದರೆ ಅದಕ್ಕೆ ತೂಕ ಹೆಚ್ಚು. ಹಳಿಯಾಳದಿಂದ ಯಲ್ಲಾಪುರದ ಮೇಲೆ ಮೂವರೂ ಹೋದೆವು.

ಮಾವಶಿಗೆ ಕಿವಿ ಮಂದ, ನೆನಪು ಚುರುಕು. "ಶ್ರಾವಣ. ಹೊಳೆ ತುಂಬಿತ್ತು. ಸೂಲಗಿತ್ತಿ ದೋಣಿಯಲ್ಲಿ ಬಂದಳು. ನನ್ನನ್ನ ಹೊರಗೆ ಕೂರಿಸಿದ್ರು" ಅಂತ ಶುರುಮಾಡಿದವಳು ಆಯಿಯನ್ನು ತವರಿನ ಹೆಸರಿನಿಂದಲೇ ಕರೆಯುತ್ತಿದ್ದಳು. ಆ ಹೆಸರಿಗೆ ಆಯಿ ಥಟ್ಟನೆ ಓಗೊಟ್ಟಿದ್ದನ್ನು ನಾನು ಅವತ್ತೇ ಗಮನಿಸಿದ್ದು. ಈ ಭೂಮಿಯ ಮೇಲೆ ಅವಳನ್ನು ಹಾಗೆ ಕರೆಯುವವರು ಬೇರೆ ಯಾರೂ ಉಳಿದಿಲ್ಲ.

ಟೈಪ್ ಮಾಡುವ ಅಂಗಡಿಯಲ್ಲಿ ಹುಡುಗ ಜನ್ಮಸ್ಥಳ ಜೋಯಿಡಾ ಅಂತ ಹೊಡೆದ. "ಸೂಪಾ ಅನ್ನೋ ಊರು ಈಗ ಇಲ್ವಲ್ರೀ" ಅಂದ. ಮಾವಶಿಗೆ ಅದು ಹೇಗೋ ಕೇಳಿಸಿತು. "ನಾವು ಸೂಪಾದಲ್ಲಿ ಹುಟ್ಟಿದ್ದು. ಸೂಪಾ ಅಂತಲೇ ಬರೀರಿ" ಅಂದಳು. ಹಠಕ್ಕೆ ಹೇಳಿದ್ದಾದರೂ ಕಾನೂನಿನ ಲೆಕ್ಕಕ್ಕೂ ಅದೇ ಸರಿ. ರಿಜಿಸ್ಟರು, ಶಾಲೆ, ಪಾಸ್‌ಪೋರ್ಟು ಮೂರರಲ್ಲೂ ಸೂಪಾ ಇತ್ತು, ಇದೊಂದರಲ್ಲಿ ಬೇರೆ ಇದ್ದರೆ ಹೊಸ ಪ್ರಶ್ನೆ ಹುಟ್ಟುತ್ತಿತ್ತು. "ಸೂಪಾ, ಈಗಿನ ಜೋಯಿಡಾ ತಾಲೂಕು" ಅಂತ ಬರೆಸಿದೆವು. ತವರಿನ ಹೆಸರು, ಮದುವೆಯ ಹೆಸರು ಎರಡೂ ಒಬ್ಬಳದೇ ಅಂತ ಆಯಿಯದೂ ಇನ್ನೊಂದು ಅಫಿಡವಿಟ್ ಆಯಿತು.

ಅದೇ ಅಂಗಡಿಯಲ್ಲಿ ಒಬ್ಬ ಟಿಬೆಟನ್ ಹುಡುಗ ತನ್ನ ಫೈಲಿನ ಜೆರಾಕ್ಸ್ ಮಾಡಿಸುತ್ತಿದ್ದ. ಮುಂಡಗೋಡದ ಟಿಬೆಟನ್ ನೆಲೆ 1966ರಲ್ಲಿ ಶುರುವಾದದ್ದು. ಡ್ರೆಪುಂಗ್, ಗಾಂದೆನ್ ಮಠಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆ ಕ್ಯಾಂಪುಗಳಲ್ಲಿ ಬೆಳೆದವರ ಕಾಗದಗಳೇ ಬೇರೆ. ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ ಐಡೆಂಟಿಟಿ ಸರ್ಟಿಫಿಕೇಟು, ಇಲ್ಲಿ ಇರಲು ಆಗಾಗ ನವೀಕರಿಸಬೇಕಾದ ರಿಜಿಸ್ಟ್ರೇಷನ್ ಸರ್ಟಿಫಿಕೇಟು. ಅಮೆರಿಕ ತನ್ನ 1990ರ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದಲ್ಲಿದ್ದ ಟಿಬೆಟನ್ನರಿಗೆ 1,000 ವೀಸಾ ಮೀಸಲಿಟ್ಟಿತ್ತು. ಇಲ್ಲಿ 1950ರ ಜನವರಿ 26ರ ನಂತರ, 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಅದೇ ನಿಲುವು ತಾಳಿತು. ಅಂದರೆ ಅವರಲ್ಲೂ ಎಷ್ಟೋ ಜನರ ಹಣೆಬರಹ ಒಂದು ಜನನ ಪತ್ರದ ತಾರೀಖಿನ ಮೇಲೆ ನಿಂತಿದೆ.

"ನಿಮ್ಮ ಊರು ಎಲ್ಲಿ ಆಂಟಿ?" ಅಂತ ಹುಡುಗ ಚಂದದ ಕನ್ನಡದಲ್ಲಿ ಆಯಿಯನ್ನು ಕೇಳಿದ. "ನೀರಿನಲ್ಲಿ ಹೋಯ್ತಪ್ಪ. ನಿಂದು?" ಅಂದಳು ಆಯಿ. ಅವನು ಸ್ವಲ್ಪ ಯೋಚಿಸಿ, "ನಾನು ನೋಡೇ ಇಲ್ಲ" ಅಂದ. ಇಬ್ಬರೂ ಜೊತೆಗೆ ಚಹಾ ಕುಡಿದರು.

ಫೈಲು ತುಂಬಿದ ಮೇಲೆ

ಕನ್ನಡ, ಮರಾಠಿ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಕರು ಬರೆದು ಸಹಿ ಹಾಕಬೇಕು. ಪೊಲೀಸ್ ಪತ್ರದ ಅವಧಿ ಸಾಮಾನ್ಯವಾಗಿ ಎರಡು ವರ್ಷ, ಆದ್ದರಿಂದ ಅದನ್ನು ಕೊನೆಗೆ ಮಾಡಿಸಿ. ಮೊದಲು ಮಾಡಬೇಕಾದ್ದು ಹಿರಿಯರ ಅಫಿಡವಿಟ್. ರಿಜಿಸ್ಟರು ಬಟ್ಟೆ ಸುತ್ತಿಕೊಂಡು ಇನ್ನೂ ನೂರು ವರ್ಷ ಇದ್ದೀತು. ಮಾವಶಿಯಂಥವರು ಹಾಗಲ್ಲ. ನಿಮ್ಮ ಮನೆಯಲ್ಲಿ ಯಾರೂ ವಿದೇಶಕ್ಕೆ ಹೋಗದಿದ್ದರೂ, ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ತವರಿನ ಹೆಸರೇನು, ಹುಟ್ಟಿದ್ದೆಲ್ಲಿ, ಅದು ಯಾರಿಗೆ ಗೊತ್ತು ಅಂತ ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ನಮ್ಮ ಕಾಗದಗಳೆಲ್ಲ ಸ್ವೀಕಾರವಾಗಿವೆ, ಮುಂಬೈ ಸಂದರ್ಶನದ ದಿನಾಂಕ ಬರಬೇಕು. ಹೋಗೋದೋ ಬೇಡವೋ ಅನ್ನೋದನ್ನು ಆಯಿ ಇನ್ನೂ ಹೇಳಿಲ್ಲ. ರಿಜಿಸ್ಟರಿನ ಆ ಸಾಲಿನ ನಕಲನ್ನು ಮಾತ್ರ ವಾಟ್ಸಾಪಿನಲ್ಲಿ ರಾಮನಗರದ ನೆಂಟರಿಗೆಲ್ಲ ಕಳಿಸಿದ್ದಾಳೆ. ಈಗ ಅಲ್ಲಿಂದ ಫೋನು ಬರುತ್ತಿವೆ, ನಮ್ಮದೂ ಸಿಗುತ್ತಾ ನೋಡು ಅಂತ. ಮುಂದಿನ ತಿಂಗಳು ಏಳು ಹೆಸರಿನ ಪಟ್ಟಿ ಹಿಡಿದು ಮತ್ತೆ ಜೋಯಿಡಾಕ್ಕೆ ಹೊರಟಿದ್ದೇನೆ. ಏಳೂ ಜನ ಸೂಪಾದಲ್ಲಿ ಹುಟ್ಟಿದವರು.