ಕಾವೋರಿನ ಕಪ್ಪು ದ್ರಾಕ್ಷಾರಸ

ಹಣೆಬರಹವೆಂಬುದು ಮನುಷ್ಯರಿಗೆ ಮಾತ್ರ ಉಂಟೆನ್ನುವವರು ದ್ರಾಕ್ಷಿಯ ಬಳ್ಳಿಯ ಚರಿತ್ರೆಯನ್ನು ಓದಿದವರಲ್ಲ. ಫ್ರಾನ್ಸ್ ದೇಶದ ನೈಋತ್ಯದಲ್ಲಿ, ಲೊಟ್ ಎಂಬ ನದಿ ಹಾವಿನಂತೆ ಹೊರಳುತ್ತ ಹರಿಯುವ ಕಣಿವೆಯಲ್ಲಿ, ಕಾವೋರ್ ಎಂಬ ಪುರಾತನ ಪಟ್ಟಣವಿದೆ. ಅದರ ಆಸುಪಾಸಿನ ತೋಟಗಳ ಮಾಲ್ಬೆಕ್ ದ್ರಾಕ್ಷಿಯಿಂದ ತಯಾರಾಗುವ ಕೆಂಪು ವೈನು ಎಷ್ಟು ಗಾಢವೆಂದರೆ, ಹಿಂದಿನವರು ಅದನ್ನು ಕೆಂಪೆನ್ನದೆ ಕಪ್ಪು ದ್ರಾಕ್ಷಾರಸವೆಂದೇ ಕರೆದರು.

ಈ ಕಪ್ಪು ರಸದ ಗುಣವಲ್ಲ, ಸಿಪ್ಪೆಯ ಗುಣ. ಹಿಂಡಿದ ರಸವು ಸಿಪ್ಪೆಯೊಡನೆ ಕೂಡಿ ಹುಳಿಯುವಾಗ ಬಣ್ಣವೂ ಒಗರೂ ಅದರೊಳಗೆ ಇಳಿಯುತ್ತವೆ. ಮಾಲ್ಬೆಕ್ಕಿನ ಸಿಪ್ಪೆಯಲ್ಲಿ ಎರಡೂ ಧಾರಾಳ. ಹೊಸ ವೈನು ನೇರಿಳೆ ಹಣ್ಣಿನಂತೆ ನಾಲಗೆಯನ್ನು ಹಿಡಿಯುತ್ತದೆ. ಕೆಲವು ವರ್ಷ ನೆಲಮಾಳಿಗೆಯ ಕತ್ತಲಲ್ಲಿ ಮಲಗಿದ ಮೇಲೆ ಆ ಮುಂಗೋಪವೆಲ್ಲ ಇಳಿದು ಸೌಮ್ಯವಾಗುತ್ತದೆ.

ಆದರೆ ಗುಣವೊಂದಿದ್ದರೆ ಸಾಲದು, ಪೇಟೆಗೆ ದಾರಿಯೂ ಬೇಕು. ಕಾವೋರಿನ ಪೀಪಾಯಿಗಳು ಲೊಟ್ ನದಿಯಿಂದ ಗಾರೊನ್ ನದಿಗಿಳಿದು, ಬೋರ್ಡೋ ಬಂದರಿನ ಮೂಲಕವೇ ಕಡಲು ಸೇರಬೇಕಾಗಿತ್ತು. ಬೋರ್ಡೋ ಸ್ವತಃ ದ್ರಾಕ್ಷಾರಸದ ನಾಡು. ಬಾಗಿಲು ಕಾಯುವವನೇ ಎದುರಂಗಡಿಯ ಶೆಟ್ಟಿಯಾದರೆ ವ್ಯಾಪಾರದ ಗತಿಯೇನು? ತನ್ನ ಸರಕು ಮೊದಲು ಹಡಗೇರುವವರೆಗೆ ಮೇಲ್ನಾಡಿನ ಸರಕನ್ನು ತಡೆದಿಡುವ ಹಕ್ಕನ್ನು ಆ ನಗರವು ಮಧ್ಯಯುಗದಲ್ಲಿ ಇಂಗ್ಲೆಂಡಿನ ಅರಸರ ಆಳ್ವಿಕೆಯಲ್ಲಿ ಪಡೆದುಕೊಂಡಿತು. ಅದನ್ನು ರದ್ದುಗೊಳಿಸುವ ಶಾಸನ ಹೊರಟದ್ದು ಫ್ರಾನ್ಸಿನ ಸಚಿವ ತ್ಯುರ್ಗೊನಿಂದ, 1776ರಲ್ಲಿ!

ನೆರೆಯವನ ಕಾಟ ತೀರಿತೆನ್ನುವಷ್ಟರಲ್ಲಿ ಕೀಟದ ಕಾಟ ಬಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕಿರಿಯ ಕೀಟ ಫ್ರಾನ್ಸಿನ ಬಳ್ಳಿಗಳ ಬೇರನ್ನು ತಿಂದುಹಾಕಿತು. ಕಾವೋರಿನ ತೋಟಗಳೂ ಬರಿದಾದವು. ಕೊನೆಗೆ ಅಮೆರಿಕದ ಬೇರಿಗೇ ಫ್ರಾನ್ಸಿನ ಕುಡಿಯನ್ನು ಕಸಿಮಾಡಿ ಬಳ್ಳಿಯ ಕುಲವನ್ನು ಉಳಿಸಿದರು. ಪಾರ್ನ್ಯಾಕ್ ಎಂಬ ಹಳ್ಳಿಯಲ್ಲಿ 1947ರಲ್ಲಿ ಬೆಳೆಗಾರರು ಸಹಕಾರ ಸಂಘವೊಂದನ್ನು ಕಟ್ಟಿಕೊಂಡು ತಲೆಯೆತ್ತುತ್ತಿದ್ದರು. ಅಷ್ಟರಲ್ಲಿ 1956ರ ಫೆಬ್ರವರಿಯ ಘೋರ ಹಿಮ ಸುರಿದು, ಕಣಿವೆಯ ಬಳ್ಳಿಗಳನ್ನು ಬಹುಮಟ್ಟಿಗೆ ಕೊಂದುಬಿಟ್ಟಿತು.

ಮುದಿ ಬೆಳೆಗಾರನೊಬ್ಬನಿಗೆ ಆ ಬೆಳಗು ಏನೆನಿಸಿರಬೇಕು! ಬಳ್ಳಿ ನೆಟ್ಟವನು ಮೊದಲ ನಿಜವಾದ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಅದರ ಸೊಗಸನ್ನು ಕಾಣುವವನು ಮಗನೋ ಮೊಮ್ಮಗನೋ. ಆದರೂ ಅವರು ನೆಟ್ಟರು. ಆ ಹೊಸ ಬಳ್ಳಿಗಳ ಬಲದಿಂದಲೇ 1971ರಲ್ಲಿ ಕಾವೋರಿನ ಹೆಸರಿಗೆ ಸರ್ಕಾರದ ಮುದ್ರೆ ದೊರೆಯಿತು. ಆ ಹೆಸರನ್ನು ಧರಿಸುವ ವೈನಿನಲ್ಲಿ ಇಂದು ನೂರಕ್ಕೆ 70 ಪಾಲಾದರೂ ಮಾಲ್ಬೆಕ್ ಇರಲೇಬೇಕು.

ಈ ನಡುವೆ ಇನ್ನೊಂದು ವಿನೋದ ನಡೆದಿತ್ತು. ಮಿಶೆಲ್ ಪೂಜೆ ಎಂಬ ಫ್ರೆಂಚ್ ಕೃಷಿಪಂಡಿತ 1853ರಲ್ಲಿ ಮಾಲ್ಬೆಕ್ಕನ್ನು ಅರ್ಜೆಂಟೀನಾದ ಮೆಂಡೋಜಾಕ್ಕೆ ಒಯ್ದಿದ್ದ. ಆಂಡೀಸ್ ಪರ್ವತದ ತಪ್ಪಲಿನಲ್ಲಿ ಆ ಬಳ್ಳಿ ಎಷ್ಟು ಹಬ್ಬಿತೆಂದರೆ, ಈಗ ಮಾಲ್ಬೆಕ್ ಎಂದರೆ ಲೋಕಕ್ಕೆ ಮೊದಲು ನೆನಪಾಗುವುದು ಅರ್ಜೆಂಟೀನಾ. ದೂರದೇಶಕ್ಕೆ ಕೊಟ್ಟ ಮಗಳು ಹೆಸರು ಗಳಿಸಿ, ಆ ಮೇಲೆ ಜನ ತವರನ್ನು ವಿಚಾರಿಸಿದಂತಾಯಿತು! ಕಾವೋರಿನ ಸೀಸೆಗಳ ಮೇಲೆ ಇಂದು ‘ಮಾಲ್ಬೆಕ್’ ಎಂಬ ಹೆಸರು ದಪ್ಪಕ್ಷರಗಳಲ್ಲಿ ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ.

ಕಾವೋರಿನಲ್ಲಿ ವಾಲೆಂತ್ರೆ ಎಂಬ ಸೇತುವೆ ಇದೆ. 1308ರಲ್ಲಿ ಕಟ್ಟಲು ತೊಡಗಿದ್ದು. ಕೆಲಸ ಬೇಗ ಮುಗಿಯಲೆಂದು ಶಿಲ್ಪಿ ತನ್ನ ಆತ್ಮವನ್ನು ಒತ್ತೆಯಿಟ್ಟು ಸೈತಾನನ ನೆರವು ಪಡೆದು, ಕಡೆಯಲ್ಲಿ ಜರಡಿಯಲ್ಲಿ ನೀರು ತರಲು ಹೇಳಿ ಅವನನ್ನು ಸೋಲಿಸಿದನಂತೆ. ಆ ಸೇಡಿಗೆ ನಡುಗೋಪುರದ ಕಲ್ಲೊಂದನ್ನು ಸೈತಾನನ ಕಡೆಯವರು ಇರುಳಿರುಳೂ ಕಿತ್ತುಹಾಕುತ್ತಿದ್ದರೆಂದೂ, ಬೆಳಗಾದರೆ ಕಲ್ಲುಕುಟಿಗರು ಅದನ್ನು ಮತ್ತೆ ಕೂಡಿಸುತ್ತಿದ್ದರೆಂದೂ ಜನ ಹೇಳುತ್ತಾರೆ. ಕಥೆ ಸುಳ್ಳಿರಬಹುದು, ಆದರೆ ಆ ಕಣಿವೆಯ ಬೆಳೆಗಾರರ ಮಟ್ಟಿಗೆ ಅದರಲ್ಲಿ ಸುಳ್ಳೇನೂ ಇಲ್ಲ.